ಚೀಲದ ಕೆಳಗಿನ ಹಲಗೆ

ನನ್ನ ಗಂಡನ ತೂಕ ಅರವತ್ತೆರಡು ಕಿಲೋ ಎಂಬುದು ಮದುವೆಯಾಗಿ ಹದಿನಾರು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಯಾವ ಹೆಂಡತಿಗೆ ತಾನೇ ಗೊತ್ತಿರುತ್ತದೆ? ಗೊತ್ತಾದದ್ದು ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವರನ್ನು ಮನೆಗೆ ಕಳಿಸುವ ದಿನ. ಹತ್ತಿ ಹೇರಿದ ಟ್ರಾಲಿಯ ಮೇಲೆ ನಿಂತು ಹಗ್ಗ ಬಿಗಿಯುವಾಗ ಕಾಲು ಜಾರಿ ಬೆನ್ನಡಿಯಾಗಿ ಬಿದ್ದು, ಎರಡು ತಿಂಗಳು ಅಲ್ಲೇ ಮಲಗಿದ್ದರು. ಬೆನ್ನುಹುರಿಗೆ ಪೆಟ್ಟು ಬಿದ್ದಿತ್ತು. ಹೊಕ್ಕುಳಿನಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಕೈ, ಎದೆ, ತಲೆ ಮಾತ್ರ ಮೊದಲಿನ ಹಾಗೆಯೇ ಇದ್ದವು. ಕಾಗದದ ಮೇಲೆ ಬರೆದ ತೂಕ ನೋಡಿ ನಾನು ಮನಸ್ಸಿನಲ್ಲೇ ಅಳೆದೆ. ತುಂಬಿದ ಒಂದು ಕಡಲೆ ಚೀಲಕ್ಕಿಂತ ಹತ್ತು ಹನ್ನೆರಡು ಕಿಲೋ ಹೆಚ್ಚು. ಅಷ್ಟೇ ತಾನೇ ಅಂದುಕೊಂಡೆ.

ಇದು ನನ್ನ ಸ್ವಭಾವ, ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲಿ, ಹಟ ಅದಕ್ಕಿಂತ ಒಂದು ಬೆರಳು ಮುಂದೆ. ನಮ್ಮ ಮನೆ ನವಲಗುಂದದ ಅಂಚಿನ ಓಣಿಯಲ್ಲಿದೆ, ಹೊಲ ಯಮನೂರು ರಸ್ತೆಗೆ. ಓಣಿಯ ಬಹಳ ಮಂದಿ ಎತ್ತು ಮಾರಿ ಟ್ರ್ಯಾಕ್ಟರ್ ಹಚ್ಚಿದರೂ ನಮ್ಮವರು ತಮ್ಮ ಜೋಡಿ ಎತ್ತು ಬಿಟ್ಟಿರಲಿಲ್ಲ. ಹಳೆಯ ಮನೆ, ಎತ್ತುಗಳನ್ನು ಒಳಗೇ, ತಗ್ಗಿನಲ್ಲಿ ಕಟ್ಟಿರುತ್ತೇವೆ, ಅವುಗಳ ಮೇವಿನ ಗೋದಲಿ ಪಡಸಾಲೆಯ ಅಂಚಿಗೇ ಇದೆ. ಪಡಸಾಲೆಯಲ್ಲಿ ಕುಳಿತು ಕೈ ಚಾಚಿದರೆ ಎತ್ತಿನ ಹಣೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಅವರು ಕೇಳಿದ್ದು ಒಂದೇ ಒಂದು.

"ಮನಿಗೆ ಹೋದ ಮ್ಯಾಲೆ ನನ್ನ ಎತ್ತಿಗೆ ನಾನ ಮೇವ ಹಾಕಬೇಕು ನೋಡು. ಅಷ್ಟಾದ್ರ ಸಾಕು ನನಗ."

"ಹಾಕೀರಂತ ತಗೋರಿ," ಅಂದಿದ್ದೆ. ಪಡಸಾಲೆಯಲ್ಲಿ ಮಂಚ ಹಾಕಿಸಿದೆ. ಮಂಚದಿಂದ ಗೋದಲಿಗೆ ಹತ್ತು ಹೆಜ್ಜೆ ಕೂಡ ಇಲ್ಲ. ಮಗಳು ಧಾರವಾಡದಲ್ಲಿ ಹಾಸ್ಟೆಲ್ ಸೇರಿದ್ದರಿಂದ ಮನೆಯಲ್ಲಿ ನಾವಿಬ್ಬರೇ. ಹೊಲ ಹೊಡೆಯಲು ಒಬ್ಬ ಆಳು ಬರುತ್ತಿದ್ದ, ಮಿಕ್ಕದ್ದೆಲ್ಲ ನಾನು.

ಮನೆಗೆ ಬಂದ ಎರಡನೇ ದಿನ ನಮ್ಮೂರಿನ ಆಸ್ಪತ್ರೆಯಿಂದ ವ್ಯಾಯಾಮ ಕಲಿಸುವ ಮೇಡಂ ಬಂದರು. ಸಣ್ಣ ವಯಸ್ಸಿನ ಹೆಂಗಸು, ಮಾತು ಕಡಿಮೆ. ಕಂಕುಳಲ್ಲಿ ಒಂದು ಹಲಗೆ ತಂದಿದ್ದರು. ತೋಳುದ್ದದ ಹಲಗೆ, ನುಣ್ಣಗೆ ಉಜ್ಜಿ ಪಾಲಿಶ್ ಮಾಡಿದ್ದು. ಅದರ ಒಂದು ತುದಿ ಮಂಚದ ಮೇಲಿಟ್ಟು ಇನ್ನೊಂದು ತುದಿ ಗಾಲಿ ಕುರ್ಚಿಯ ಮೇಲಿಟ್ಟರು.

"ಅಕ್ಕಾರ, ಎತ್ತೂದು ನಿಮ್ಮ ಕೆಲಸಲ್ರಿ. ಅವರ ಕೈ ಊರಿ ಇದರ ಮ್ಯಾಲೆ ಸರಕೊಂತ ಕುರ್ಚಿಗೆ ಹೋಗಬೇಕು. ಹೊತ್ತಾಗತೈತಿ, ಆಗವಲ್ದ್ಯಾಕ. ಮದ್ಲ ಅವರ ರಟ್ಟಿಗೆ ಬಲಾ ಬರಬೇಕು. ಅಂಗೈ ಊರಿ ಮೈ ಎತ್ತೂದು ಮಾಡಸ್ರಿ."

ಹಿಡಿದುಕೊಳ್ಳಲು, ಹೊರಳಿಸಲು ನನಗೂ ಬಲ ಬೇಕು ಎಂದರು. ಕುರ್ಚಿಯ ಮೇಲೆ ಕುಳಿತು ಏಳುವುದನ್ನು ಕಲಿಸಿದರು. ಬೆನ್ನು ನೆಟ್ಟಗೆ, ಭಾರವೆಲ್ಲ ತೊಡೆಗೆ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಒಂದ ದಿನ ಮಾಡ್ರಿ, ಒಂದ ದಿನ ಬಿಡ್ರಿ. ಇಬ್ಬರೂ. ಬಲಾ ಬರೂದು ಬಿಟ್ಟ ದಿನಾನ ಐತ್ರಿ," ಎಂದರು. ನಾನು ಹೂಂ ಅಂದೆ. ಪಗಾರದವರ ಮಾತು ಇದು, ರವಿವಾರ ರಜೆ ಇರುವವರದು ಎಂದು ಒಳಗೇ ನಕ್ಕೆ.

ಮರುದಿನ ಮುಂಜಾನೆ ನಮ್ಮವರು ಹಲಗೆಯ ಮೇಲೆ ಕೈ ಊರಿದರು. ಎರಡು ತಿಂಗಳು ಮಲಗಿದ್ದ ಮೈ. ಒಂದು ಗೇಣು ಸರಿದರೋ ಇಲ್ಲವೋ, ಸೊಂಟ ನಿಲ್ಲದೆ ಪಕ್ಕಕ್ಕೆ ವಾಲಿ ಹಣೆ ಮಂಚದ ಕಾಲಿಗೆ ಬಡಿಯಿತು. ಹುಬ್ಬಿನ ಮೇಲೆ ರಕ್ತ. ಸಿಟ್ಟು ಯಾರ ಮೇಲೆ ಬಂತೋ, ಆ ಹಲಗೆಯನ್ನು ಕಿತ್ತುಕೊಂಡು ಹೋಗಿ ಮೂಲೆಯಲ್ಲಿದ್ದ ಕಡಲೆ ಚೀಲದ ಕೆಳಗೆ ತುರುಕಿದೆ. ಥಂಡಿ ಹತ್ತದ ಹಾಗೆ ಚೀಲದ ಕೆಳಗೆ ಏನಾದರೂ ಬೇಕೇ ಇತ್ತು.

"ಇನ್ನ ಮ್ಯಾಲೆ ನಾ ಎತ್ತತೀನಿ. ನೀವೇನೂ ಮಾಡೂದ ಬ್ಯಾಡ," ಅಂದೆ. ಅವರು ಹುಬ್ಬು ಒರೆಸಿಕೊಂಡು ಮೂಲೆಯ ಕಡೆ ನೋಡಿದರು.

ಅಂದಿನಿಂದ ನನ್ನ ಸಾಧನೆ ಶುರುವಾಯಿತು. ಬೇರೆ ಒಂದು ಚೀಲದಲ್ಲಿ ಹದಿನೈದು ಕಿಲೋ ಕಡಲೆ ತುಂಬಿ ಬಾಯಿ ಕಟ್ಟಿದೆ. ಕೂಸನ್ನು ಅಪ್ಪಿಕೊಂಡ ಹಾಗೆ ಎದೆಗೆ ಅಪ್ಪಿಕೊಂಡು ಮೇಡಂ ಹೇಳಿದಂತೆ ಕೂರುವುದು, ಏಳುವುದು. ಎಂಟು ದಿನಕ್ಕೊಮ್ಮೆ ಎರಡು ಸೇರು ಕಡಲೆ ಹೆಚ್ಚಿಸುವುದು. ಮೊದಲ ವಾರ ತೊಡೆ ಹಿಡಿದುಕೊಂಡು ಮೆಟ್ಟಿಲಿಳಿಯಲೂ ಆಗಲಿಲ್ಲ. ಆಮೇಲೆ ಮೈ ಒಗ್ಗಿತು. ಬೇಳೆ, ಮೊಸರು, ನೆನೆಹಾಕಿದ ಹೆಸರು, ಹುರಿದ ಶೇಂಗಾ, ಕೈಗೆ ಸಿಕ್ಕಿದ್ದು ತಿಂದೆ. ಹಿಂದಿನ ಓಣಿಯಲ್ಲಿ ಜಮಖಾನೆ ನೇಯುವ ಖಾಲಾ ಒಬ್ಬರಿದ್ದಾರೆ, ಅರವತ್ತು ದಾಟಿದವರು. ಮಗ್ಗದ ಮುಂದೆ ಕುಳಿತು ಕಬ್ಬಿಣದ ಪಂಜದಿಂದ ನೂಲು ಬಡಿದು ಬಡಿದು ಅವರ ಮುಂಗೈ ಗಂಡಸರ ಮುಂಗೈ ಇದ್ದ ಹಾಗಿದೆ. ನನ್ನನ್ನು ನೋಡಿ ನಗುತ್ತಿದ್ದರು.

"ಬೇಟಿ, ಕಾಳ ತಿಂದು ಪೈಲ್ವಾನ ಆದಾಕಿನ್ನ ನಿನ್ನ ಒಬ್ಬಾಕಿನ್ನ ಕಂಡೆ ನೋಡು. ನಮ್ಮ ಮನಿಗೆ ಉಣ್ಣಾಕ ಬಾ, ಎಂಟ ದಿನದಾಗ ಕೋಣ ಮಾಡತೀನಿ."

"ಹೋಗ ಖಾಲಾ, ನಮ್ಮತ್ತಿ ಕೇಳಿದ್ರ ಸ್ವರ್ಗದಿಂದ ಇಳದ ಬರತಾಳ," ಅನ್ನುತ್ತಿದ್ದೆ.

ನಾಲ್ಕು ತಿಂಗಳಿಗೆ ರವಿಕೆಯ ತೋಳು ಬಿಗಿಯಾಗಿ ಹೊಲಿಗೆ ಬಿಚ್ಚಿಸಬೇಕಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಭಾರಿ ಹೆಮ್ಮೆಯಾಗಿತ್ತು. ಮುಂಜಾನೆ ಅವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಸಂಜೆ ಮತ್ತೊಮ್ಮೆ ಎತ್ತುತ್ತಿದ್ದೆ. ಕಂಕುಳಲ್ಲಿ ಕೈ ಹಾಕಿ, ಅವರ ಮೊಣಕಾಲಿಗೆ ನನ್ನ ಮೊಣಕಾಲು ಕೊಟ್ಟು, "ಒಂದ, ಎರಡ, ಮೂರ," ಅಂದರೆ ಮೂರಕ್ಕೆ ಅವರು ಮೇಲೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ನಮ್ಮವರೂ ಚಾಷ್ಟಿ ಮಾಡುತ್ತಿದ್ದರು. "ನಿನ್ನ ರಟ್ಟಿ ನೋಡಿದ್ರ ನನಗ ಅಂಜಿಕಿ ಬರತೈತಿ ಬೇ. ಇನ್ನ ನಿನಗ ಎದುರ ಮಾತಾಡಂಗಿಲ್ಲ." ಹೀಗಂದು ನಗುತ್ತಿದ್ದರು. ಆ ನಗು ದಿನ ಹೋದಂತೆ ಸಣ್ಣದಾಗುತ್ತಿದ್ದುದು ಈಗ ನೆನಪಾಗುತ್ತದೆ. ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಇಲ್ಲಿ ಸೋಮವಾರದ ಮಾತು ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅಂದು ಎತ್ತುಗಳಿಗೆ ಮೈ ತೊಳೆಯುವುದು, ಮೇವು ಹಾಕುವುದು, ಬಿಡುವುದು, ಇಷ್ಟೇ. ನಮ್ಮವರು ಇದರಲ್ಲಿ ಎಷ್ಟು ಬಿಗಿ ಎಂದರೆ, ಒಂದು ವರ್ಷ ಹಿಂಗಾರಿ ಬಿತ್ತನೆಗೆ ನೆಲದ ಹದ ಸೋಮವಾರವೇ ಬಂದಿತ್ತು. ಸುತ್ತಲಿನವರೆಲ್ಲ ಟ್ರ್ಯಾಕ್ಟರಿನಲ್ಲಿ ಬಿತ್ತಿ ಮುಗಿಸಿದರು. ನಾನು ಅಂಗಳದಲ್ಲಿ ನಿಂತು ಕುಣಿದಾಡಿದೆ.

"ಬಿಸಲಿಗೆ ಹದಾ ಹಾರಿಹೋದ್ರ ಏನ ಮಾಡತೀರಿ? ಎತ್ತಿಗೇನ ಗೊತ್ತೈತ್ರಿ ಇವತ್ತ ಯಾ ವಾರಂತ?"

"ಅದಕ್ಕ ಗೊತ್ತಿಲ್ಲ. ನನಗ ಗೊತ್ತೈತಲಾ," ಎಂದು ಎತ್ತಿನ ಬೆನ್ನು ತಿಕ್ಕುತ್ತಾ ಕುಳಿತರು. ಮಂಗಳವಾರ ಬಿತ್ತಿದರು. ಬೆಳೆ ಚೆನ್ನಾಗಿಯೇ ಬಂತು, ನಾನು ಒಪ್ಪಿಕೊಳ್ಳಲಿಲ್ಲ ಅಷ್ಟೇ.

ಆ ಸೋಮವಾರವನ್ನು ನಾನು ಏನು ಮಾಡಿದೆ ಕೇಳಿ. ಎತ್ತು ಹೂಡುವುದಿಲ್ಲ, ಆಳು ಬರುವುದಿಲ್ಲ, ಹೊಲದ ಕೆಲಸವಿಲ್ಲ. ಹಾಗಾದರೆ ದಿನವೆಲ್ಲ ಖಾಲಿಯೇ ಅಲ್ಲವೇ? ವಾರದ ಭಾರವನ್ನೆಲ್ಲ ಸೋಮವಾರಕ್ಕೆ ತಂದು ಹೇರಿದೆ. ಮುಂಜಾನೆ ಎದ್ದು ನೆಲ ಸಾರಿಸುವುದು. ಲಿಂಗಪೂಜೆಗೆ ಮುಂಚೆ ನಮ್ಮವರಿಗೆ ತಲೆಸ್ನಾನ. ಅದಕ್ಕೆ ಅವರನ್ನು ಬಚ್ಚಲಿಗೆ ಒಯ್ದು ಮಣೆಯ ಮೇಲೆ ಇಳಿಸಬೇಕು, ಒದ್ದೆ ಮೈ ಮತ್ತೆ ಮೇಲೆತ್ತಬೇಕು. ವಾರದಲ್ಲಿ ಅದಕ್ಕಿಂತ ಕಷ್ಟದ ಎತ್ತುವಿಕೆ ಇನ್ನೊಂದಿರಲಿಲ್ಲ. ಅದು ಮುಗಿದ ಮೇಲೆ ಚೀಲ. ಉಳಿದ ದಿನ ಇಪ್ಪತ್ತು ಸಲ ಏಳುತ್ತಿದ್ದವಳು ಸೋಮವಾರ ನಲವತ್ತು ಸಲ ಏಳುತ್ತಿದ್ದೆ. ಗೋದಲಿಯ ಹಿಂದೆ ಎತ್ತುಗಳು ಕಣ್ಣು ಮುಚ್ಚಿ ಮೆಲುಕು ಹಾಕುತ್ತಾ ಮಲಗಿರುತ್ತಿದ್ದವು. ಎದುರಿಗೆ ನಾನು ಚೀಲ ಅಪ್ಪಿಕೊಂಡು ಏದುಸಿರು ಬಿಡುತ್ತಿದ್ದೆ. ಮಂಚದ ಮೇಲಿಂದ ನಮ್ಮವರು ಒಮ್ಮೆ ಅವುಗಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು.

ಏಳನೆಯ ತಿಂಗಳಿಗೆ ಚೀಲ ಅರವತ್ತೆರಡು ಕಿಲೋ ಮುಟ್ಟಿತು. ಎತ್ತಿ ನಿಂತೆ. ಯಾರಿಗೆ ಹೇಳಲಿ ಎಂದು ತಿಳಿಯದೆ ಎತ್ತುಗಳಿಗೇ, "ನೋಡ್ರಿ ಬೇಕಾದ್ರ," ಅಂದೆ.

ಅದಾದ ಮೇಲೆ ಕೈ ನಡುಗತೊಡಗಿತು. ಮೊದಲು ರಂಗೋಲಿಯ ಎಳೆ ತುಂಡಾಗಿ ಬಿತ್ತು. ಆಮೇಲೆ ಚಹಾ ಬಸಿಯುವಾಗ ಕಪ್ಪಿನ ಹೊರಗೆ ಚೆಲ್ಲಿತು. ಸೂಜಿಗೆ ದಾರ ಪೋಣಿಸಲಾಗದೆ ಸೂಜಿಯನ್ನೇ ಬೀಸಿ ಒಗೆದೆ. ದಣಿದು ಸುಣ್ಣವಾಗಿ ಮಲಗಿದರೂ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ, ಸುಮ್ಮನೆ ಮಲಗಿದವಳ ಎದೆ ಓಡಿ ಬಂದವಳ ಎದೆಯಂತೆ ಬಡಿಯುತ್ತಿತ್ತು. ಅಂಗಡಿಗೆ ಹೋಗಿ ಏನು ಬೇಕೆಂದು ಮರೆತು ವಾಪಸು ಬಂದೆ. ಮಗಳು ಫೋನಿನಲ್ಲಿ ನಕ್ಕರೂ ಸಿಟ್ಟು, ನಗದಿದ್ದರೂ ಸಿಟ್ಟು. ವಿಚಿತ್ರವೆಂದರೆ ತೋಳು ಗಟ್ಟಿಯಾಗಿಯೇ ಇತ್ತು, ಮುಟ್ಟಿ ನೋಡಿದರೆ ಕಲ್ಲು. ನಾನು ಕೊಟ್ಟ ಕೆಲಸ ಮಾತ್ರ ಆ ತೋಳು ಒಂದು ಗಳಿಗೆ ತಡೆದು ಮಾಡುತ್ತಿತ್ತು. ಇದಕ್ಕೆ ನಾನು ಹುಡುಕಿದ ಔಷಧ ಏನು ಗೊತ್ತೇ? ಬಲ ಸಾಲದು ಅಂದುಕೊಂಡು ಚೀಲಕ್ಕೆ ಇನ್ನೆರಡು ಸೇರು ಸುರಿದೆ.

ಆ ದಿನಗಳಲ್ಲಿ ನಮ್ಮವರು ಎರಡು ಸಲ ಹಲಗೆ ಕೇಳಿದರು. ಮೊದಲ ಸಲ ಸುಮ್ಮನೆ ಮಾತಿಗೆ ಕೇಳಿದ ಹಾಗೆ, "ಆ ಹಲಿಗಿ ಚೀಲದ ಕೆಳಗ ಹುಳಾ ಹಿಡದೀತಲಾ, ತಗದ ನೋಡಬಾರದೇನು?" ಎಂದರು. ಎರಡನೆಯ ಸಲ ನೇರವಾಗಿಯೇ ಕೇಳಿದರು. "ಕೊಡ ಅದನ್ನ. ನಾ ಒಂದಿಟು ಕೈ ಊರಿ ನೋಡತೀನಿ."

"ಹಣಿ ಒಡಕೊಂಡಿದ್ದು ಮರತೀರೇನ್ರಿ? ನಾ ಇಲ್ಲೇನು? ಸತ್ತೇನೇನು?" ಎಂದು ಹರಿಹಾಯ್ದೆ. ಮೂರನೆಯ ಸಲ ಅವರು ಕೇಳಲಿಲ್ಲ.

ಆದರೆ ಒಂದು ಮಾತು ಅಂದರು. ಹಿಂದೆ ನಮ್ಮಲ್ಲಿ ಒಂದು ಎತ್ತು ಇತ್ತು, ಬಲಗಡೆಗೆ ಹೂಡುತ್ತಿದ್ದದ್ದು. ನೇಗಿಲು ಎಳೆಯುವುದರಲ್ಲಿ ಬೆಂಕಿ. ಒಂದು ವರ್ಷ ಸಂಜೆ ಕಟ್ಟಿದ ಮೇಲೆ ಅದು ಮಲಗದೆ ನಿಂತೇ ಇರತೊಡಗಿತು. ಮೇವು ತಿನ್ನುತ್ತಿತ್ತು, ಮೆಲುಕು ಹಾಕುತ್ತಿರಲಿಲ್ಲ. ನೊಣ ಕೂರದಿದ್ದರೂ ಚರ್ಮ ಅದುರುತ್ತಿತ್ತು. ನಮ್ಮವರು ಕೆಲಸದ ಹಂಗಾಮಿನಲ್ಲೇ ಎಂಟು ದಿನ ಅದಕ್ಕೆ ನೊಗ ಮುಟ್ಟಿಸಲಿಲ್ಲ. ಆ ಎತ್ತನ್ನು ನೆನೆಸಿಕೊಂಡು ನನ್ನನ್ನು ನೋಡಿ, "ನೀನೂ ಮೆಲುಕ ಹಾಕವಲ್ಲಿ," ಎಂದರು.

"ನಾನೇನ ದನ ಏನ್ರಿ?" ಎಂದು ಚೊಂಬು ಕುಕ್ಕಿ ಎದ್ದು ಹೋದೆ.

ಖಾಲಾನೂ ಒಂದು ದಿನ ಅಂಗಳಕ್ಕೆ ಬಂದಿದ್ದರು. ನಡುಗುವ ನನ್ನ ಕೈಯನ್ನು ತಮ್ಮ ಒರಟು ಕೈಯಲ್ಲಿ ಹಿಡಿದು, "ಶುಕ್ರವಾರ ನಾ ಮಗ್ಗ ಮುಟ್ಟಂಗಿಲ್ಲ. ನಮ್ಮತ್ತಿ ಹಾಕಿದ ರಿವಾಜ ಅದು. ಒಂದ ಸಲ ಗಡಿಬಿಡಿ ಐತಂತ ಮುಟ್ಟಿದೆ, ಹೂವು ಬರೂದಲ್ಲೆ ಹೂವಿಲ್ಲ, ಅಂಚ ಬರೂದಲ್ಲೆ ಅಂಚಿಲ್ಲ. ಸೋಮಾರ ನಾವು ಗಂಡ ಹೆಂಡ್ತಿ ಬಂದು ನಿನ್ನ ಯಜಮಾನನ್ನ ಜಳಕಕ್ಕ ಎತ್ತತೀವಿ. ನೀ ಮಲಕೋ," ಎಂದರು.

"ಅವರಿಗೆ ಬ್ಯಾರೇದವರು ಮುಟ್ಟಿದ್ರ ನಾಚಿಕಿ ಆಗತೈತಿ ಖಾಲಾ, ಒಪ್ಪಂಗಿಲ್ಲ," ಅಂದೆ. ಅವರನ್ನು ನಾನು ಕೇಳಿಯೇ ಇರಲಿಲ್ಲ. ಪಡಸಾಲೆ ಅಲ್ಲಿಂದ ನಾಲ್ಕು ಮಾರು. ಆ ಮಾತು ಅವರ ಕಿವಿಗೆ ಬಿದ್ದಿರಲೇಬೇಕು. ಅವರ ಹೆಸರಿನಲ್ಲಿ ಸುಳ್ಳು ಹೇಳಿದೆ ಎಂದು ಇಂದು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಆ ಸೋಮವಾರ ಬಂತು. ನೆಲ ಸಾರಿಸಿದ್ದಾಗಿತ್ತು. ತಲೆಗೆ ಸೀಗೆಕಾಯಿ, ಮೈಗೆ ಸಾಬೂನು ಹಚ್ಚಿ ಸ್ನಾನ ಮಾಡಿಸಿದೆ. ಎತ್ತಲು ಬಗ್ಗಿದೆ. ಕಂಕುಳಲ್ಲಿ ಕೈ ಹಾಕಿದೆ, ಮೊಣಕಾಲಿಗೆ ಮೊಣಕಾಲು ಕೊಟ್ಟೆ. "ಒಂದ, ಎರಡ, ಮೂರ." ಮೂರಕ್ಕೆ ಅವರು ಅರ್ಧ ಮೇಲೆ ಬಂದರು. ಅಲ್ಲಿಗೆ ನನ್ನ ತೊಡೆ ನಿಂತುಬಿಟ್ಟಿತು. ನೋವಿಲ್ಲ, ಸುಸ್ತಿಲ್ಲ. ಏಳು ಅಂದೆ, ಏಳಲಿಲ್ಲ. ಕರೆಂಟು ಹೋದಾಗ ದೀಪದ ಗುಂಡಿ ಒತ್ತಿದ ಹಾಗಾಯಿತು. ಇಬ್ಬರೂ ಬಚ್ಚಲಲ್ಲಿ ಉರುಳಿದೆವು. ಅವರು ಕೆಳಗೆ, ಅವರ ತೊಡೆಯ ಮೇಲೆ ನನ್ನ ಇಡೀ ಮೈ. ಒಣಗಿದ ಹತ್ತಿಕಟ್ಟಿಗೆ ಮುರಿದಂತೆ ಲಟ್ ಎಂದು ಸದ್ದಾಯಿತು. ಮಣೆ ಮುರಿಯಿತು ಅಂದುಕೊಂಡೆ.

"ನಿನಗೇನ ಆಗಿಲ್ಲಲಾ? ನನಗೇನೂ ಆಗಿಲ್ಲ," ಎಂದು ಅವರೇ ಮೊದಲು ಕೇಳಿದರು.

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೆದರಿಕೆಯೆಲ್ಲ ಸಿಟ್ಟಾಗಿ ಬಂತು. "ಕೈಯರ ಗಟ್ಟಿ ಹಿಡೀಬಾರದೇನ್ರಿ? ಎಷ್ಟಂತ ಎತ್ತಲಿ ನಾನು? ಕಡ್ಲಿ ಚೀಲಾನ ಆಗಿಬಿಟ್ಟೀರಿ ನೀವು!" ಎಂದು ಕೂಗಿದೆ. ಸದ್ದು ಕೇಳಿ ಓಡಿ ಬಂದ ಖಾಲಾ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟರು. ನಮ್ಮವರು ತಲೆ ತಗ್ಗಿಸಿ, "ಹೌದು," ಅಂದರು. ನಾನೂ ಖಾಲಾನೂ ಸೇರಿ ಅವರನ್ನು ಮಂಚಕ್ಕೆ ಹಾಕಿದೆವು. ಬಚ್ಚಲು ತೊಳೆಯಲು ಹೋದಾಗ ನೋಡಿದೆ, ಮಣೆಗೆ ಒಂದು ಗೀರೂ ಬಿದ್ದಿರಲಿಲ್ಲ. ಹಾಗಾದರೆ ಮುರಿದದ್ದೇನು ಎಂದು ನನಗೆ ಹೊಳೆಯಲಿಲ್ಲ.

ಮಂಗಳವಾರ ಅವರನ್ನು ಎತ್ತಿದೆ. ಬುಧವಾರ ಎತ್ತಿದೆ. ಎಂದಿನಂತೆ ಮೊಣಕಾಲಿಗೆ ಮೊಣಕಾಲು ಕೊಟ್ಟು. ಗುರುವಾರ ಮುಂಜಾನೆ ಲುಂಗಿ ಬದಲಿಸುವಾಗ ಎಡತೊಡೆ ಕುಂಬಳಕಾಯಿಯಂತೆ ಊದಿ ಕಪ್ಪಿಟ್ಟಿತ್ತು, ಮುಟ್ಟಿದರೆ ಸುಡುತ್ತಿತ್ತು, ಪಾದ ಹೊರಗೆ ತಿರುಗಿ ಬಿದ್ದಿತ್ತು. ಅವರು ನನ್ನ ಮುಖ ನೋಡಿ, "ಯಾಕ? ಏನಾಗೇತಿ?" ಎಂದು ಕೇಳಿದರು. ತಮ್ಮ ತೊಡೆಗೆ ಏನಾಗಿದೆ ಎಂದು ನನ್ನ ಮುಖ ನೋಡಿ ತಿಳಿಯಬೇಕಾಗಿತ್ತು ಆ ಮನುಷ್ಯ.

ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ಹಿಡಿದು ಡಾಕ್ಟರು ಕೇಳಿದರು. "ಯಾವಾಗ ಬಿದ್ರು?"

"ಸೋಮಾರ್ರಿ."

"ಮೂರ ದಿನ ಏನ ಮಾಡಿದ್ರಿ?"

"ಎತ್ತಿದೆ," ಅಂದೆ. ತೊಡೆಯ ಎಲುಬು ಎರಡು ತುಂಡಾಗಿತ್ತು. ಓಡಾಡದ ಕಾಲಿನ ಎಲುಬು ಟೊಳ್ಳಾಗುತ್ತದೆ, ಅದಕ್ಕೆ ಸ್ವಲ್ಪ ಪೆಟ್ಟೂ ಹೆಚ್ಚು ಎಂದು ಹೇಳಿ, ಒಳಗೆ ಕಬ್ಬಿಣದ ಸರಳು ಹಾಕಿದರು. ನಾನು ವರಾಂಡದಲ್ಲಿ ಕುಳಿತು ಜೋರಾಗಿ ಅತ್ತೆ. ನನ್ನ ಗಂಡನ ಕಾಲನ್ನು ನಾನೇ ಮುರಿದಿದ್ದೆ. ಮುರಿದ ಕಾಲನ್ನು ಹಿಡಿದು ಮೂರು ದಿನ ಕುಣಿಸಿದ್ದೆ. ನೋವಾಗಿದ್ದರೆ ಅವರು ಒಮ್ಮೆಯಾದರೂ ಕೂಗುತ್ತಿದ್ದರು, ನನ್ನನ್ನು ಬೈಯುತ್ತಿದ್ದರು. ಅದೂ ಇಲ್ಲ.

ಮನೆಗೆ ಬಂದ ಮೇಲೆ ಮೇಡಂ ಮತ್ತೆ ಬಂದರು. ನಮ್ಮವರನ್ನು ನೋಡುವ ಮೊದಲು ನನ್ನನ್ನು ಕೂರಿಸಿ, "ಕೈ ಮುಂದ ಚಾಚ್ರಿ," ಎಂದರು. ಚಾಚಿದೆ. ಹತ್ತೂ ಬೆರಳು ಗಾಳಿಗೆ ಬೇವಿನೆಲೆ ಅದುರಿದಂತೆ ಅದುರಿದವು. ದಿನದ ಕೆಲಸವೆಲ್ಲ ಕೇಳಿದರು. ನಾನು ಹೇಳಿದೆ, ಸೋಮವಾರದ ನಲವತ್ತನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಾಂಸಖಂಡ ಬೇಕಾದಷ್ಟ ಬೆಳದೈತಿ ನಿಮಗ. ಅದಕ್ಕ ಏಳು, ಕೂಡ್ರು ಅಂತ ಹುಕುಂ ಕೊಡೂವು ನರಾ. ಅವು ದಣದಾವ್ರಿ. ಖಂಡ ನೊಂದ್ರ ನೂವ ಆಗಿ ಹೇಳತೈತಿ. ನರಾ ದಣದ್ರ ಹಿಂಗ ನಡಗತೈತಿ, ನಿದ್ದಿ ಬಿಡತೈತಿ, ಸಿಟ್ಟ ಬರತೈತಿ. ನೀವು ಅದನ್ನ ಕೇಳಸ್ಕೊಳ್ಳಲಿಲ್ಲ." ನಮ್ಮವರ ಕಾಲಿಗೂ ಹುಕುಂ ಮುಟ್ಟುವುದಿಲ್ಲ, ನನ್ನ ಕಾಲಿಗೂ ಅಂದು ಮುಟ್ಟಲಿಲ್ಲ. ಅವರದು ಯಾರ ಕೈಯಲ್ಲೂ ಇರಲಿಲ್ಲ. ನನ್ನದು ನನ್ನ ಕೈಯಲ್ಲೇ ಇತ್ತು.

ಆಮೇಲೆ ಮೇಡಂ ಸುತ್ತಲೂ ನೋಡಿ, "ಹಲಿಗಿ ಎಲ್ಲೈತ್ರಿ?" ಎಂದು ಕೇಳಿದರು.

ನಾನು ಸೆರಗಿನ ತುದಿ ಸುತ್ತುತ್ತಾ ಕುಳಿತೆ. ನಮ್ಮವರು ಮಂಚದ ಮೇಲಿಂದ ಹೇಳಿದರು. "ಆ ಮೂಲ್ಯಾಗ, ಕಡ್ಲಿ ಚೀಲದ ಕೆಳಗ ಐತ್ರಿ. ಒಂದ ತುದಿ ಕಾಣತೈತಿ ನೋಡ್ರಿ. ದಿನಾ ನೋಡತೀನಿ ನಾನು."

ದಿನಾ ನೋಡತೀನಿ ಎಂಬ ಮಾತು ಎದೆಗೆ ನಾಟಿತು. ನಾನು ತೋಳು ಬೆಳೆಸುತ್ತಿದ್ದ ತಿಂಗಳುಗಳಲ್ಲೆಲ್ಲ ಅವರು ಮಂಚದ ಮೇಲೆ ಮಲಗಿ ಆ ಹಲಗೆಯ ತುದಿಯನ್ನು ನೋಡುತ್ತಿದ್ದರು. ಅವರ ತೋಳುಗಳು ಕೂಡ ಆ ಹೊತ್ತಿಗೆ ಬೆಳೆಯಬಹುದಿತ್ತು. ಆಸ್ಪತ್ರೆಯಿಂದ ಬಂದಾಗ ಇದ್ದದ್ದಕ್ಕಿಂತ ಈಗ ಸಣಕಲಾಗಿದ್ದವು. ನಾನು ಅವುಗಳಿಗೆ ಕೆಲಸವನ್ನೇ ಕೊಟ್ಟಿರಲಿಲ್ಲ. ಬಚ್ಚಲಲ್ಲಿ ನಾನು ಕೂಗಿದ್ದು ಸುಳ್ಳಲ್ಲ. ಅವರನ್ನು ಚೀಲ ಮಾಡಿದವಳು ನಾನೇ. ಎತ್ತಿಗೆ ತಾವೇ ಮೇವು ಹಾಕಬೇಕೆಂಬುದು ಅವರ ಆಸೆಯಾಗಿತ್ತು, ಆ ಮೇವನ್ನು ಕೂಡ ನಾನೇ ಮುಂದೆ ಬಿದ್ದು ಹಾಕಿ ಮುಗಿಸಿಬಿಡುತ್ತಿದ್ದೆ.

ಎಲುಬು ಕೂಡುವವರೆಗೆ ಖಾಲಾ ಮತ್ತು ಅವರ ಗಂಡ ಎರಡೂ ಹೊತ್ತು ಬಂದರು. ಮೊದಲ ದಿನ ನಮ್ಮವರು, "ಬರ್ರಿ ಬರ್ರಿ, ನಾನೂ ದಾರಿ ನೋಡಾಕತ್ತಿದ್ದೆ," ಎಂದಾಗ ನಾನು ಒಲೆಯ ಮುಂದಿನಿಂದ ಏಳಲಿಲ್ಲ. ಖಾಲಾನ ಮುಖ ನೋಡುವ ಧೈರ್ಯ ಇರಲಿಲ್ಲ. ಖಾಲಾ ನನ್ನ ಆ ಸುಳ್ಳಿನ ವಿಷಯ ಎತ್ತಲೂ ಇಲ್ಲ, ಅವರ ದೊಡ್ಡತನ. ಮೇಡಂ ನನಗೆ ಹದಿನೈದು ದಿನ ಏನನ್ನೂ ಎತ್ತಬಾರದು ಎಂದಿದ್ದರು. ಸುಮ್ಮನಿರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ವಾರ ಮಲಗಿದರೆ ಮೈ ಒಳಗೊಳಗೇ ಝುಂ ಎನ್ನುತ್ತಿತ್ತು, ಎದ್ದು ಓಡಾಡಿ ಎಲ್ಲರ ಮೇಲೆ ಹಾರಾಡಿದೆ. ಎರಡನೆಯ ಸೋಮವಾರ ಊಟ ಮಾಡಿ ಗೋಡೆಗೆ ಒರಗಿದವಳು ಹೊತ್ತು ಮುಳುಗಿದ ಮೇಲೆ ಎದ್ದೆ. ನಮ್ಮವರು ಬಾಯಿಯ ಮೇಲೆ ಬೆರಳಿಟ್ಟು, ಬಂದವರನ್ನೆಲ್ಲ ಬಾಗಿಲಿಂದಲೇ ವಾಪಸು ಕಳಿಸಿದ್ದರಂತೆ.

ಕಾಲು ಕೂಡಿತು. ಒಂದು ಬೆರಳಗಲ ಗಿಡ್ಡವಾಗಿ ಕೂಡಿತು. ಹಲಗೆಯನ್ನು ಚೀಲದ ಕೆಳಗಿಂದ ಎಳೆದು ತೊಳೆದೆ. ಮೇಲೆಲ್ಲ ಕಡಲೆಕಾಳಿನ ಗುರುತು ಬಿದ್ದಿತ್ತು. ನಮ್ಮವರು ಮಂಚದ ಮೇಲೆ ಅಂಗೈ ಊರಿ ಮೈ ಎತ್ತುವುದನ್ನು ಶುರು ಮಾಡಿದರು. ಮೊದಲು ಮೂರು ಸಲ, ಆಮೇಲೆ ಐದು, ಹತ್ತು. ಒಂದು ದಿನ ಮಾಡುವುದು, ಒಂದು ದಿನ ಬಿಡುವುದು. ಬಿಡುವ ದಿನ ನಾನು ಕೆಣಕಿದರೂ ಅವರು ಜಗ್ಗುತ್ತಿರಲಿಲ್ಲ. ಸೋಮವಾರವಂತೂ ನಮ್ಮಿಬ್ಬರಿಗೂ ಏನೂ ಇಲ್ಲ. ಸ್ನಾನವನ್ನು ಬುಧವಾರಕ್ಕೆ ಹಾಕಿದೆವು. ಸೋಮವಾರ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಲಿಂಗಪೂಜೆ ಮಾಡಿಕೊಳ್ಳುತ್ತಾರೆ. ನಮ್ಮತ್ತೆ ಇದ್ದಿದ್ದರೆ ಏನನ್ನುತ್ತಿದ್ದಳೋ.

ಹಲಗೆಯ ಮೇಲೆ ಅವರು ಮೊದಲ ಸಲ ಪೂರ್ತಿ ದಾಟಿದ್ದು ಒಂದು ಮಂಗಳವಾರ ಮುಂಜಾನೆ. ಆಳು ಇನ್ನೂ ಬಂದಿರಲಿಲ್ಲ, ಎತ್ತುಗಳು ಮೇವಿಗೆ ಕತ್ತು ಎತ್ತಿ ನಿಂತಿದ್ದವು. ನಾನು ಕುರ್ಚಿಯ ಗಾಲಿಗೆ ಇಟ್ಟಿಗೆ ಕೊಟ್ಟು, ಹಲಗೆ ಇಟ್ಟು, ಪಕ್ಕದಲ್ಲಿ ನಿಂತೆ.

"ಒಂದ ಹೆಜ್ಜಿ ಹಿಂದ ಸರಿ," ಎಂದರು. ಸರಿದೆ.

ಬೆರಳಗಲ ಸರಿಯುವುದು, ನಿಲ್ಲುವುದು, ಉಸಿರು ಬಿಡುವುದು. ಕುತ್ತಿಗೆಯ ನರ ಉಬ್ಬಿ ಬಂದಿದ್ದವು. ಹಲಗೆಯ ನಡುವೆ ಬಂದಾಗ ಅವರ ತೋಳು ನಡುಗತೊಡಗಿತು, ಮೈ ಎಡಕ್ಕೆ ವಾಲಿತು, ಅದೇ ಹುಬ್ಬಿನ ಕಡೆ. ನನ್ನ ಕೈ ಹಾರಿ ಹೋಗಿ ಅವರ ಕಂಕುಳು ಮುಟ್ಟಿತ್ತು.

"ಮುಟ್ಟಬ್ಯಾಡ!"

ಹದಿನೇಳು ವರ್ಷದಲ್ಲಿ ಆ ಮನುಷ್ಯ ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಎತ್ತುಗಳು ಕೂಡ ಬೆಚ್ಚಿ ಹಿಂದೆ ಸರಿದವು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಒಂದರಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅರವತ್ತೆರಡು ಕಿಲೋ ಎತ್ತಿದ ಕೈಗಳು. ಅವನ್ನು ಅಲ್ಲಿ ಹಿಡಿದು ನಿಲ್ಲಿಸಿಕೊಳ್ಳಲು ನನಗೆ ಆದ ಕಷ್ಟ ಯಾವ ಸೋಮವಾರವೂ ಆಗಿರಲಿಲ್ಲ. ಅವರು ವಾಲಿದ್ದಲ್ಲೇ ಸ್ವಲ್ಪ ಹೊತ್ತು ತಡೆದು, ಮೈ ನೆಟ್ಟಗೆ ಮಾಡಿಕೊಂಡು, ಮತ್ತೆ ಸರಿದರು. ಕುರ್ಚಿಗೆ ಬಿದ್ದು ಕುಳಿತಾಗ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

ಇಟ್ಟಿಗೆ ತೆಗೆದೆ. ಅವರೇ ಗಾಲಿ ತಿರುಗಿಸಿಕೊಂಡು ಗೋದಲಿಯ ಅಂಚಿಗೆ ಹೋದರು. ಒಂದು ಕೈ ಮೇವು ತೆಗೆದು ಹಾಕಿ, ಎತ್ತಿನ ಹೆಗಲ ಮೇಲೆ ಕೈ ಆಡಿಸಿದರು. ಆಮೇಲೆ ತಿರುಗಿ ನೋಡದೆಯೇ, "ನೀರ ತಾ," ಎಂದರು. ಒಳಗಿನಿಂದ ಚೊಂಬು ತುಂಬಿ ತಂದೆ. ನನ್ನ ಕೈ ನಡುಗುವುದು ಇನ್ನೂ ಪೂರಾ ಬಿಟ್ಟಿಲ್ಲ. ಪಡಸಾಲೆ ಮುಟ್ಟುವಷ್ಟರಲ್ಲಿ ಅರ್ಧ ನೀರು ನೆಲದ ಮೇಲೆ ಚೆಲ್ಲಿತ್ತು. ಅವರು ಚೊಂಬು ಇಸಕೊಂಡರು. ಅವರ ಕೈಯೂ ನಡುಗುತ್ತಿತ್ತು. ಉಳಿದ ಅರ್ಧವನ್ನು ಕುಡಿದು ಚೊಂಬನ್ನು ನನಗೆ ವಾಪಸು ಕೊಟ್ಟರು.